ಚಾವುಂಡರಾಯ: ಹೆಸರು ಹಲವರದು, ಬೆಟ್ಟದ ಮೇಲಿನ ಕೆಲಸ ಒಬ್ಬನದು

ಚಾವುಂಡರಾಯ ಎಂಬ ಹೆಸರು ಕೇಳಿದ ಕೂಡಲೇ ಜೈನ ಶ್ರಾವಕರ ಕಣ್ಣಮುಂದೆ ಬರುವುದು ಶ್ರವಣಬೆಳಗೊಳದ ದೊಡ್ಡಬೆಟ್ಟ ಮತ್ತು ಅದರ ನೆತ್ತಿಯಲ್ಲಿ ನಿಂತ ಭಗವಾನ್ ಬಾಹುಬಲಿ ಸ್ವಾಮಿ. ಆದರೆ ಶಾಸನ ಸಂಪುಟಗಳನ್ನೋ ಸಾಹಿತ್ಯ ಚರಿತ್ರೆಯನ್ನೋ ತೆರೆದವರಿಗೆ ಇದೇ ಹೆಸರಿನ ಹಲವರು ಸಿಗುತ್ತಾರೆ. ಒಬ್ಬ ಗಂಗರ ಮಂತ್ರಿ ಮತ್ತು ಸೇನಾಪತಿ. ಇನ್ನೊಬ್ಬ ಬೇಸಾಯ, ಅಡುಗೆ, ವೈದ್ಯಗಳನ್ನು ಪದ್ಯದಲ್ಲಿ ಹೇಳಿದ ಕವಿ. ಮತ್ತೊಬ್ಬ ಬನವಾಸಿ ನಾಡನ್ನು ಆಳಿದ ಮಹಾಮಂಡಲೇಶ್ವರ. ದೂರದ ಗುಜರಾತಿನಲ್ಲಿ ಅದೇ ಹೆಸರಿನ ಒಬ್ಬ ಅರಸನೂ ಇದ್ದ. ನಾಲ್ವರೂ ಮುಕ್ಕಾಲು ಶತಮಾನದ ಅವಧಿಯೊಳಗೆ ಕಾಣಿಸಿಕೊಂಡವರು. ಹೀಗಾಗಿ ಒಬ್ಬನ ಕೃತಿ ಇನ್ನೊಬ್ಬನ ತಲೆಗೆ ಏರುವುದು ಸುಲಭ. ಲೋಕೋಪಕಾರವೆಂಬ ಗ್ರಂಥವನ್ನು ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನೇ ಬರೆದನೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಗಂಗರ ಚಾವುಂಡರಾಯನ ಕೀರ್ತಿಗೆ ಅವನು ಮಾಡಿದ್ದೇ ಸಾಕು, ಬೇರೆಯವರದನ್ನು ಸೇರಿಸಬೇಕಾದ ಅಗತ್ಯವಿಲ್ಲ.

ಮೊದಲು ಹೆಸರಿನ ವಿಚಾರ. ಚಾಮುಂಡ ಎಂಬುದೇ ಕನ್ನಡದ ಬಾಯಲ್ಲಿ ಚಾವುಂಡ ಆಯಿತು. ಚಾಮುಂಡರಾಯ, ಚಾವುಂಡರಾಯ, ಚಾವುಂಡರಾಜ ಎಂಬ ರೂಪಗಳೆಲ್ಲ ಒಂದೇ. ಹತ್ತು ಮತ್ತು ಹನ್ನೊಂದನೆಯ ಶತಮಾನಗಳಲ್ಲಿ ಇದು ಅಪರೂಪದ ಹೆಸರಾಗಿರಲಿಲ್ಲ. ಧರ್ಮದ ಗುರುತೂ ಆಗಿರಲಿಲ್ಲ, ಜೈನರೂ ಶೈವರೂ ಇಟ್ಟುಕೊಳ್ಳುತ್ತಿದ್ದರು. ಗಂಗರ ಮಂತ್ರಿಗೆ ಇದಲ್ಲದೆ ರಾಯ, ಅಣ್ಣ, ಗೊಮ್ಮಟ ಎಂಬ ಹೆಸರುಗಳೂ ಇದ್ದವು. ಅವುಗಳಲ್ಲಿ ಗೊಮ್ಮಟ ಎಂಬುದು ಮುಂದೆ ಎಲ್ಲಿಗೆ ಹೋಗಿ ನಿಂತಿತು ಎಂಬುದೇ ಅವನ ಕಥೆಯ ಸ್ವಾರಸ್ಯದ ಭಾಗ.

ಚಾವುಂಡರಾಯ ತನ್ನನ್ನು ಬ್ರಹ್ಮಕ್ಷತ್ರ ಕುಲದವನೆಂದು ಹೇಳಿಕೊಂಡಿದ್ದಾನೆ. ತಾಯಿಯ ಹೆಸರು ಕಾಳಲದೇವಿ, ಹೆಂಡತಿಯ ಹೆಸರು ಅಜಿತಾದೇವಿ ಎಂಬುದು ಪರಂಪರೆಯಿಂದ ಬಂದದ್ದು. ಮಗ ಜಿನದೇವಣನ ಹೆಸರು ಮಾತ್ರ ಶಾಸನದಲ್ಲೇ ಇದೆ. ದೀಕ್ಷಾಗುರುಗಳು ಬಂಕಾಪುರದ ಅಜಿತಸೇನ ಭಟ್ಟಾರಕರು. ಶಾಸ್ತ್ರದಲ್ಲಿ ದಾರಿ ತೋರಿದವರು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ತಲಕಾಡಿನ ಗಂಗರಲ್ಲಿ ಇಮ್ಮಡಿ ಮಾರಸಿಂಹ ಮತ್ತು ಅವನ ನಂತರದ ರಾಚಮಲ್ಲ, ಈ ಇಬ್ಬರು ಅರಸರ ಬಳಿ ಅವನು ಮಂತ್ರಿಯೂ ದಂಡನಾಯಕನೂ ಆಗಿದ್ದ.

ಆ ದಿನಗಳು ನೆಮ್ಮದಿಯವಲ್ಲ. ಗಂಗರು ಬಹುಕಾಲ ಮಾನ್ಯಖೇಟದ ರಾಷ್ಟ್ರಕೂಟರ ಆಶ್ರಯದಲ್ಲಿದ್ದವರು. ನಂಟಸ್ತಿಕೆಯೂ ಇತ್ತು. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ಆ ಸಾಮ್ರಾಜ್ಯವನ್ನೇ ಮುಗಿಸಿದ. ಮಾರಸಿಂಹ ತನ್ನ ಸೋದರಳಿಯನಾದ ನಾಲ್ಕನೆಯ ಇಂದ್ರನನ್ನು ಪಟ್ಟಕ್ಕೆ ತಂದು ರಾಷ್ಟ್ರಕೂಟರ ಹೆಸರನ್ನು ಉಳಿಸಲು ಹೆಣಗಿದ, ಕೈಗೂಡಲಿಲ್ಲ. ಕೊನೆಗೆ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ನಡೆಸಿ ದೇಹ ಬಿಟ್ಟ. ಅವನ ಪರಾಕ್ರಮವನ್ನೂ ಮರಣವನ್ನೂ ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬದ ಶಾಸನ ಹೇಳುತ್ತದೆ. ಇಂದ್ರನೂ 982ರಲ್ಲಿ ಬೆಳಗೊಳದಲ್ಲೇ ಸಲ್ಲೇಖನದಿಂದ ತೀರಿಕೊಂಡ. ಚಾವುಂಡರಾಯ ತನ್ನ ಕಣ್ಣೆದುರಿಗೆ ಒಂದು ಸಾಮ್ರಾಜ್ಯ ಮುಳುಗಿದ್ದನ್ನೂ ಇಬ್ಬರು ಅರಸರು ಕಿರೀಟ ಕಳಚಿ ವ್ರತ ಹಿಡಿದದ್ದನ್ನೂ ಕಂಡವನು. ಅವನು ಮಾಡಿಸಿದ ಮೂರ್ತಿ ರಾಜ್ಯವನ್ನು ಗೆದ್ದು ಬಿಟ್ಟುಕೊಟ್ಟವನದು ಎಂಬುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ತೂಕ ಬೇರೆಯಾಗಿ ಕಾಣುತ್ತದೆ.

ಮಾರಸಿಂಹನ ಮರಣದ ನಂತರ ಗಂಗ ಸಿಂಹಾಸನಕ್ಕೆ ಪೈಪೋಟಿ ಎದ್ದಿತು. ಪಾಂಚಲದೇವ, ಮುದುರಾಚಯ್ಯ ಮೊದಲಾದವರು ಎದುರು ನಿಂತರು. ಅವರನ್ನು ಅಡಗಿಸಿ ರಾಚಮಲ್ಲನ ಪಟ್ಟವನ್ನು ಭದ್ರಪಡಿಸಿದ್ದರಲ್ಲಿ ಚಾವುಂಡರಾಯನ ಪಾತ್ರ ದೊಡ್ಡದು. ಅವನ ಯುದ್ಧಗಳ ಪಟ್ಟಿ ಅವನ ಬಿರುದುಗಳಲ್ಲೇ ಅಡಗಿದೆ, ಅವನ ಪುರಾಣವೇ ಅದನ್ನು ಬಿಡಿಸಿ ಹೇಳುತ್ತದೆ. ಖೇಡಗದ ಯುದ್ಧದಲ್ಲಿ ವಜ್ಜಳದೇವನನ್ನು ಸೋಲಿಸಿ ಸಮರಧುರಂಧರನಾದ. ನೊಳಂಬರ ಮೇಲಿನ ಕಾಳಗದಲ್ಲಿ ಗೋನೂರಿನ ಬಯಲಿನಲ್ಲಿ ತೋರಿದ ಶೌರ್ಯಕ್ಕೆ ವೀರಮಾರ್ತಂಡನಾದ. ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಾಡಿ ರಣರಂಗಸಿಂಗನಾದ. ತ್ರಿಭುವನವೀರ ಮೊದಲಾದವರನ್ನು ಕೊಂದು ಕೋಟೆಯೊಳಕ್ಕೆ ಗೋವಿಂದರಸನಿಗೆ ದಾರಿ ಮಾಡಿಕೊಟ್ಟದ್ದಕ್ಕೆ ವೈರಿಕುಲಕಾಲದಂಡ ಎಂಬ ಬಿರುದು ಬಂತು.

ಇವೆಲ್ಲ ಅರಸನಿಗಾಗಿ ಮಾಡಿದ ಯುದ್ಧಗಳು. ಒಂದು ಮಾತ್ರ ಮನೆಯ ದುಃಖದಿಂದ ಹುಟ್ಟಿದ್ದು. ಚಾವುಂಡರಾಯನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಕೊಂದಿದ್ದ. ಚಲದಂಕಗಂಗ, ಗಂಗರಬಂಟ ಎಂಬ ಬಿರುದುಗಳಿದ್ದ ವೀರ ಆತ. ಚಾವುಂಡರಾಯ ಅವನನ್ನು ಕೊಂದು ತಮ್ಮನ ಸಾವಿನ ಸೇಡು ತೀರಿಸಿಕೊಂಡ, ಸಮರಪರಶುರಾಮ ಎಂಬ ಬಿರುದು ಪಡೆದ. ಈ ತಮ್ಮ ನಾಗವರ್ಮನ ಹೆಸರಿನಲ್ಲೂ ಗೊಂದಲಕ್ಕೆ ಎಡೆಯುಂಟು. ಛಂದೋಂಬುಧಿಯನ್ನೂ ಕರ್ಣಾಟಕ ಕಾದಂಬರಿಯನ್ನೂ ಬರೆದ ನಾಗವರ್ಮ ಅದೇ ಕಾಲಕ್ಕೆ ಹತ್ತಿರದವನೇ ಆದರೂ ಬೇರೆಯವನು. ಕಾವ್ಯಾವಲೋಕನ ಬರೆದ ನಾಗವರ್ಮ ಇನ್ನೂ ಈಚಿನವನು.

ಬಿರುದುಗಳ ಈ ಸಾಲಿನಲ್ಲಿ ಕತ್ತಿಯಿಂದ ಬಾರದವೂ ಕೆಲವಿವೆ. ತಮಾಷೆಗೂ ಸುಳ್ಳಾಡದವನೆಂದು ಸತ್ಯಯುಧಿಷ್ಠಿರ, ಶ್ರದ್ಧೆಗೆ ಸಮ್ಯಕ್ತ್ವರತ್ನಾಕರ, ಪರರ ಸ್ವತ್ತಿಗೂ ಹೆಣ್ಣಿಗೂ ಆಸೆಪಡದ ಶುದ್ಧತೆಗೆ ಶೌಚಾಭರಣ. ಇವನ್ನೂ ಯುದ್ಧದ ಬಿರುದುಗಳನ್ನೂ ಅವನು ಒಟ್ಟಿಗೇ ಹೇಳಿಕೊಳ್ಳುತ್ತಾನೆ, ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡುವುದಿಲ್ಲ. ಗೃಹಸ್ಥನಾದ ಶ್ರಾವಕನದು ಅಣುವ್ರತ. ರಾಜ್ಯರಕ್ಷಣೆಯ ಹೊಣೆ ಹೊತ್ತವನು ಶತ್ರುವನ್ನು ಎದುರಿಸುವುದು ಅದಕ್ಕೆ ವಿರೋಧಿಯಲ್ಲವೆಂದು ಶಾಸ್ತ್ರ ಬಲ್ಲವರು ವಿವರಿಸುತ್ತಾರೆ. ಆ ವಿವರಣೆ ಉಳಿದ ಯುದ್ಧಗಳಿಗೆ ಹೊಂದೀತು. ತಮ್ಮನ ಸೇಡಿಗೆ ಹೊಂದುತ್ತದೆಯೇ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಅದೇ ಪುರಾಣದಲ್ಲಿ ಅವನು ಬಾಹುಬಲಿಯ ಕಥೆಯನ್ನೂ ಹೇಳಿದ್ದಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿ, ಗೆದ್ದ ನೆಲವನ್ನು ಬಿಟ್ಟು ಕಾಡಿಗೆ ನಡೆದವನ ಕಥೆ ಅದು. ಸಮರಪರಶುರಾಮನ ಬಿರುದು ಮತ್ತು ಬಾಹುಬಲಿಯ ತ್ಯಾಗ ಒಂದೇ ಲೇಖಣಿಯಿಂದ, ಒಂದೇ ಗ್ರಂಥದಲ್ಲಿ ಬಂದಿವೆ.

ಆ ಗ್ರಂಥವೇ ತ್ರಿಷಷ್ಟಿಲಕ್ಷಣ ಮಹಾಪುರಾಣ. ಜನರ ಬಾಯಲ್ಲಿ ಚಾವುಂಡರಾಯ ಪುರಾಣ. ಮುಗಿದದ್ದು ಕ್ರಿ.ಶ. 978ರಲ್ಲಿ, ಶಕವರ್ಷ 900ರ ಈಶ್ವರ ಸಂವತ್ಸರದಲ್ಲಿ. 24 ತೀರ್ಥಂಕರರು, 12 ಚಕ್ರವರ್ತಿಗಳು, ಒಂಬತ್ತೊಂಬತ್ತು ಬಲದೇವ, ವಾಸುದೇವ, ಪ್ರತಿವಾಸುದೇವರು ಸೇರಿ 63 ಶಲಾಕಾಪುರುಷರ ಚರಿತ್ರೆ ಇದರಲ್ಲಿದೆ. ಆಧಾರ ಜಿನಸೇನಾಚಾರ್ಯರೂ ಗುಣಭದ್ರಾಚಾರ್ಯರೂ ಸಂಸ್ಕೃತದಲ್ಲಿ ರಚಿಸಿದ ಮಹಾಪುರಾಣ. ಆದಿತೀರ್ಥಂಕರರ ಕಥೆಯನ್ನು ಪಂಪ 941ರಲ್ಲೇ ಚಂಪುವಿನಲ್ಲಿ ಹೇಳಿ ಮುಗಿಸಿದ್ದ. ಪಂಪನ ಎದುರು ನಿಂತು ಅದೇ ಕಥೆಯನ್ನು ಮತ್ತೆ ಚಂಪುವಿನಲ್ಲಿ ಹೇಳುವ ಸಾಹಸಕ್ಕೆ ಚಾವುಂಡರಾಯ ಹೋಗಲಿಲ್ಲ. ಅವನು ಹಿಡಿದದ್ದು ಗದ್ಯದ ದಾರಿ. ವಡ್ಡಾರಾಧನೆಯನ್ನು ಬಿಟ್ಟರೆ ಹಳಗನ್ನಡದಲ್ಲಿ ನಮಗೆ ದೊರೆತಿರುವ ಹಳೆಯ ದೊಡ್ಡ ಗದ್ಯಗ್ರಂಥ ಇದೇ.

ಈ ಪುರಾಣವನ್ನು ಕಾವ್ಯದ ಕಣ್ಣಿನಿಂದ ಓದಿದವರು ನಿರಾಶರಾಗುವುದುಂಟು. ಕೆಲವೆಡೆ ಬರಿಯ ಪಟ್ಟಿಯಂತಿದೆ: ತಂದೆ, ತಾಯಿ, ನಕ್ಷತ್ರ, ಎತ್ತರ, ಆಯುಷ್ಯ, ಗಣಧರರು. ವಡ್ಡಾರಾಧನೆಯ ಕಥನದ ಸೊಗಸು ಇಲ್ಲಿ ಇಲ್ಲ. ಆದರೆ ಸಂಸ್ಕೃತ ಬಾರದ, ಚಂಪೂಕಾವ್ಯದ ಬಿಗಿಯನ್ನು ಬಿಡಿಸಲಾರದ ಶ್ರಾವಕ ಶ್ರಾವಿಕೆಯರಿಗೆ 63 ಮಹಾಪುರುಷರ ಚರಿತ್ರೆಯನ್ನು ಒಂದೇ ಕಡೆ, ಅವರ ನುಡಿಯಲ್ಲಿ ಒದಗಿಸುವುದು ಅದರ ಕೆಲಸ. ಆ ಕೆಲಸವನ್ನು ಅದು ಮಾಡಿತು. ಹಿಂದಿನ ಪುರಾಣಕರ್ತರಾದ ಕೂಚಿ ಭಟ್ಟಾರಕ, ನಂದಿಮುನಿ, ಕವಿಪರಮೇಶ್ವರರನ್ನು ಅವನು ನೆನೆದಿರುವುದರಿಂದ, ಕಳೆದುಹೋದ ಒಂದು ಪರಂಪರೆಯ ಹೆಸರುಗಳಾದರೂ ಉಳಿದಿವೆ. ಸಂಸ್ಕೃತದಲ್ಲಿ ಶ್ರಾವಕರ ಮತ್ತು ಮುನಿಗಳ ಆಚಾರವನ್ನು ತಿಳಿಸುವ ಚಾರಿತ್ರಸಾರವೂ ಅವನದೇ.

ಪುರಾಣದ ಕಾಲ ಇನ್ನೊಂದು ಲೆಕ್ಕಕ್ಕೂ ನೆರವಾಗುತ್ತದೆ. ತನ್ನ ಯುದ್ಧಗಳನ್ನೂ ಬಿರುದುಗಳನ್ನೂ ಅದರಲ್ಲಿ ಬಿಡದೆ ಹೇಳಿಕೊಂಡವನು ಬೆಳಗೊಳದ ಮಹಾಮೂರ್ತಿಯ ಸುದ್ದಿಯನ್ನೇ ಎತ್ತಿಲ್ಲ. ಆದ್ದರಿಂದ 978ರಲ್ಲಿ ಮೂರ್ತಿ ಇನ್ನೂ ಆಗಿರಲಿಲ್ಲ. 993ರಲ್ಲಿ ರನ್ನ ಬರೆದ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಬೆಟ್ಟವೇರಿ ಕುಕ್ಕುಟೇಶ್ವರ ಜಿನನ ದರ್ಶನ ಮಾಡಿದ ಪ್ರಸಂಗವಿದೆ. ಅಷ್ಟರೊಳಗೆ ಮೂರ್ತಿ ನಿಂತಿತ್ತು. ಪರಂಪರೆಯ ತಿಥಿಯನ್ನು ಲೆಕ್ಕಹಾಕಿ ವಿದ್ವಾಂಸರು ಕೊಟ್ಟಿರುವ 981 ಈ ನಡುವೆಯೇ ಬೀಳುತ್ತದೆ. 1981ರ ಮಹಾಮಸ್ತಕಾಭಿಷೇಕವನ್ನು ಸಹಸ್ರಾಬ್ದಿಯ ಉತ್ಸವವಾಗಿ ನಡೆಸಿದ್ದು ಈ ಲೆಕ್ಕದ ಮೇಲೆಯೇ.

ಮೂರ್ತಿ ಹೇಗೆ ಬಂತು ಎಂಬುದಕ್ಕೆ ಭಕ್ತರ ಮನೆಮನೆಯಲ್ಲಿ ಕಥೆಯಿದೆ. ಪೌದನಪುರದಲ್ಲಿ ಭರತ ಚಕ್ರವರ್ತಿ ನಿಲ್ಲಿಸಿದ ಬಾಹುಬಲಿಯ ಬಿಂಬದ ವಿಷಯ ಕೇಳಿದ ತಾಯಿ ಅದರ ದರ್ಶನವಾಗುವವರೆಗೆ ಹಾಲು ಮುಟ್ಟೆನೆಂದು ನೇಮ ಹಿಡಿದಳು. ಮಗ ಗುರುಗಳೊಡನೆ ಅವಳನ್ನು ಕರೆದುಕೊಂಡು ಹೊರಟ. ಬೆಳಗೊಳದಲ್ಲಿ ತಂಗಿದ ರಾತ್ರಿ, ಪೌದನಪುರದ ಮೂರ್ತಿ ಮನುಷ್ಯರಿಗೆ ಕಾಣದಂತಾಗಿದೆ, ಇಲ್ಲಿಂದಲೇ ಎದುರಿನ ಬೆಟ್ಟಕ್ಕೆ ಬಾಣ ಬಿಡು ಎಂದು ಕನಸಾಯಿತು. ಅವನು ಬಾಣ ಬಿಟ್ಟನೆಂದು ಹೇಳುವ ಬಂಡೆಯನ್ನು ಚಿಕ್ಕಬೆಟ್ಟದ ಬುಡದಲ್ಲಿ ಇಂದಿಗೂ ಚಾವುಂಡರಾಯನ ಬಂಡೆ ಎಂದೇ ತೋರಿಸುತ್ತಾರೆ. ಪೌದನಪುರದ ಕಥೆ ಸುಮಾರು 1180ರ ಬೊಪ್ಪಣ ಪಂಡಿತನ ಶಾಸನದಲ್ಲೇ ಇರುವುದರಿಂದ, ಮೂರ್ತಿಯಾಗಿ ಇನ್ನೂರು ವರ್ಷದೊಳಗೆ ಅದು ಬೆಳೆದು ನಿಂತಿತ್ತೆಂದು ತಿಳಿಯುತ್ತದೆ. ಗುಳ್ಳಕಾಯಜ್ಜಿಯ ಕಥೆ ಇನ್ನೂ ಜನಪ್ರಿಯ. ಕೊಡಗಟ್ಟಲೆ ಹಾಲು ಸುರಿದರೂ ಸ್ವಾಮಿಯ ತೊಡೆಯಿಂದ ಕೆಳಗಿಳಿಯದ ಅಭಿಷೇಕ, ಗುಳ್ಳದ ಚಿಪ್ಪಿನಲ್ಲಿ ಮುದುಕಿ ತಂದ ಹಾಲಿಗೆ ಪಾದದವರೆಗೆ ಹರಿಯಿತು, ಮಾಡಿಸಿದೆನೆಂಬ ಚಾವುಂಡರಾಯನ ಗರ್ವ ಇಳಿಯಿತು. ಅಜ್ಜಿಯ ಶಿಲಾಪ್ರತಿಮೆ ಇಂದೂ ಸ್ವಾಮಿಗೆ ಎದುರಾಗಿ ನಿಂತಿದೆ.

ಕಥೆಯಲ್ಲಿ ಗರ್ವಿಯಾದ ಚಾವುಂಡರಾಯ ಕಲ್ಲಿನ ಮೇಲೆ ಮಾತ್ರ ಬಹಳ ಮಿತಭಾಷಿ. ಸುಮಾರು 58 ಅಡಿಯ ಮೂರ್ತಿಯ ಪಾದದ ಬಳಿ ಅವನ ಹೆಸರಿನಲ್ಲಿರುವುದು ತೀರ ಚಿಕ್ಕ ಬರಹ: ಶ್ರೀ ಚಾವುಂಡರಾಜನು ಮಾಡಿಸಿದನೆಂದು ಮಾತ್ರ ಅದರ ಅರ್ಥ. ಒಂದು ಬದಿಯಲ್ಲಿ ಕನ್ನಡ ಮತ್ತು ತಮಿಳು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ಮರಾಠಿ. ಸಮರಧುರಂಧರನಿಲ್ಲ, ವೀರಮಾರ್ತಂಡನಿಲ್ಲ, ಅರಸನ ಹೆಸರೂ ವರ್ಷವೂ ಇಲ್ಲ. ಆ ಮರಾಠಿ ಸಾಲನ್ನು ಆ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಎಣಿಸುತ್ತಾರೆ. ಅದರ ಜೊತೆಗೇ ಗಂಗರಾಜ ಸುತ್ತಾಲಯವನ್ನು ಮಾಡಿಸಿದನೆಂಬ ಬರಹವೂ ಇದೆ. ಯಾತ್ರಿಕರಲ್ಲಿ ಕೆಲವರು ಇವನನ್ನು ಗಂಗ ವಂಶದ ರಾಜನೆಂದು ಭಾವಿಸುತ್ತಾರೆ. ಅಲ್ಲ, ಇವನು ಹನ್ನೆರಡನೆಯ ಶತಮಾನದ ಆರಂಭದ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಇವನ ಹೆಸರೇ ಗಂಗರಾಜ.

ಶಿಲ್ಪಿಯ ಹೆಸರನ್ನು ಎಲ್ಲೂ ಕೊರೆದಿಲ್ಲ. ಅರಿಷ್ಟನೇಮಿ ಎಂಬ ಹೆಸರನ್ನು ಹೇಳುವುದುಂಟು, ಮೂರ್ತಿಯ ಶಾಸನ ಅದನ್ನು ಹೇಳುವುದಿಲ್ಲ.

ಇನ್ನು ಗೊಮ್ಮಟ ಎಂಬ ಹೆಸರು. ಆಚಾರ್ಯ ನೇಮಿಚಂದ್ರರು ಸಿದ್ಧಾಂತ ಗ್ರಂಥವನ್ನು ಓದುತ್ತಿದ್ದಾಗ ಚಾವುಂಡರಾಯ ಬಂದನಂತೆ, ಅವರು ಗ್ರಂಥವನ್ನು ಮುಚ್ಚಿದರಂತೆ. ಕಾರಣ ಕೇಳಿದಾಗ, ಗೃಹಸ್ಥನಿಗೆ ಅದನ್ನು ಓದುವ ಅಧಿಕಾರವಿಲ್ಲವೆಂದರು. ಹಾಗಾದರೆ ಅದರ ಸಾರವನ್ನಾದರೂ ತನಗೆ ತಿಳಿಯುವಂತೆ ಮಾಡಿರೆಂದು ಅವನು ಬೇಡಿಕೊಂಡ. ಹೀಗೆ ಪ್ರಾಕೃತ ಗಾಥೆಗಳಲ್ಲಿ ಗೊಮ್ಮಟಸಾರ ಹುಟ್ಟಿತೆಂಬುದು ಪರಂಪರೆಯ ಮಾತು. ಷಟ್ಖಂಡಾಗಮದ ವಿಸ್ತಾರವನ್ನು ಜೀವಕಾಂಡ, ಕರ್ಮಕಾಂಡ ಎಂಬ ಎರಡು ಭಾಗಗಳಲ್ಲಿ, ಸುಮಾರು 1700 ಗಾಥೆಗಳಲ್ಲಿ ಅಡಕಗೊಳಿಸಿದ ಗ್ರಂಥ ಅದು. ಜೈನ ಕರ್ಮಸಿದ್ಧಾಂತವನ್ನು ಕಲಿಯುವವರು ಇಂದಿಗೂ ಹಿಡಿಯುವುದು ಇದನ್ನೇ. ಇಲ್ಲಿ ಗೊಮ್ಮಟ ಎಂದರೆ ಬಾಹುಬಲಿಯಲ್ಲ, ಚಾವುಂಡರಾಯ. ಕರ್ಮಕಾಂಡದ ಕೊನೆಯಲ್ಲಿ ಆಚಾರ್ಯರು ಗೊಮ್ಮಟನ ಸಂಗ್ರಹಸೂತ್ರವನ್ನೂ, ಗೊಮ್ಮಟ ಶಿಖರವನ್ನೂ, ಅದರ ಮೇಲಿನ ಗೊಮ್ಮಟಜಿನನನ್ನೂ, ಗೊಮ್ಮಟರಾಯ ಮಾಡಿಸಿದ ದಕ್ಷಿಣ ಕುಕ್ಕುಟಜಿನನನ್ನೂ ಬೇರೆ ಬೇರೆಯಾಗಿ ಹರಸುತ್ತಾರೆ. ಅಂದರೆ ಆಚಾರ್ಯರ ಕಾಲದಲ್ಲಿ ಬಾಹುಬಲಿಯ ಮೂರ್ತಿಗೆ ದಕ್ಷಿಣ ಕುಕ್ಕುಟಜಿನ ಎಂಬ ಹೆಸರಿತ್ತು, ಗೊಮ್ಮಟ ಎಂಬುದು ಅದನ್ನು ಮಾಡಿಸಿದವನ ಮನೆಯ ಹೆಸರಾಗಿತ್ತು. ಮರಾಠಿಯಲ್ಲಿ ಗೋಮಟ ಎಂದರೆ ಚೆಲುವ ಎಂಬರ್ಥವಿರುವುದನ್ನು ತೋರಿಸಿ, ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರನೆಂದು ಡಾ. ಆ.ನೇ. ಉಪಾಧ್ಯೆ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಯವರು ಇದನ್ನು ಒಪ್ಪಲಿಲ್ಲ. ಬಾಹುಬಲಿ ಮೊದಲ ಕಾಮದೇವನಾದ್ದರಿಂದ ಮನ್ಮಥ ಎಂಬುದೇ ಗೊಮ್ಮಟ ಆಯಿತೆಂಬುದು ಅವರ ನಿಲುವು. ಆದರೆ ನೇಮಿಚಂದ್ರರ ಗಾಥೆಗಳನ್ನು ಮುಂದಿಟ್ಟುಕೊಂಡರೆ ಉಪಾಧ್ಯೆಯವರ ವಾದಕ್ಕೇ ಬಲ ಹೆಚ್ಚು. 1432ರಲ್ಲಿ ಕಾರ್ಕಳದಲ್ಲೂ 1604ರಲ್ಲಿ ವೇಣೂರಿನಲ್ಲೂ ಬಾಹುಬಲಿ ನಿಲ್ಲುವ ಹೊತ್ತಿಗೆ ಗೊಮ್ಮಟ ಎಂದರೆ ಸ್ವಾಮಿಯೇ ಎಂದಾಗಿತ್ತು. ಮಂತ್ರಿಯ ಮನೆಯ ಹೆಸರೆಂಬುದನ್ನು ಜನ ಮರೆತಿದ್ದರು.

ಗೊಮ್ಮಟಸಾರಕ್ಕೆ ರಾಯನು ವೀರಮಾರ್ತಂಡಿ ಎಂಬ ದೇಸಿ ವೃತ್ತಿಯನ್ನು ಬರೆದನೆಂದು ಆ ಗ್ರಂಥದ ಕೊನೆಯಲ್ಲೇ ಹೇಳಿದೆ. ದೇಸಿ ಎಂದರೆ ಕನ್ನಡ. ಅದು ನಮ್ಮ ಕೈಸೇರಿದ್ದರೆ ಕನ್ನಡ ಶಾಸ್ತ್ರಗದ್ಯದ ಚರಿತ್ರೆ ಬೇರೆಯಾಗಿರುತ್ತಿತ್ತು. ಈಗ ನಾವು ಓದುವ ಕನ್ನಡ ವೃತ್ತಿ 1359ರಲ್ಲಿ ಕೇಶವಣ್ಣ ಬರೆದದ್ದು.

ಕವಿಗಳಿಗೂ ಚಾವುಂಡರಾಯ ಆಸರೆಯಾಗಿದ್ದ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ವಿದ್ಯೆಯನ್ನು ಹುಡುಕಿಕೊಂಡು ಗಂಗರ ನಾಡಿಗೆ ಬಂದ ರನ್ನ, ಅಜಿತಸೇನರ ಶಿಷ್ಯನಾಗಿ ಚಾವುಂಡರಾಯನ ಪೋಷಣೆ ಪಡೆದ. ಮುಂದೆ ಚಾಲುಕ್ಯರಲ್ಲಿ ಕವಿಚಕ್ರವರ್ತಿಯಾಗಿ ಮೆರೆದರೂ ಹಳೆಯ ಋಣವನ್ನು ಮರೆಯಲಿಲ್ಲ. ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಹೀಗೆ ಚಾವುಂಡರಾಯನ ಹೆಸರನ್ನು ಹೊತ್ತವರ ಸಾಲಿಗೆ ಕವಿಯ ಮನೆಯ ಒಂದು ಮಗುವೂ ಸೇರಿತು. ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಬರಹವಿದೆ, ಅದನ್ನು ರನ್ನನ ಹಸ್ತಾಕ್ಷರವೆಂದು ನಂಬುತ್ತಾರೆ.

ಹೆಸರು ಮಾತ್ರ ಒಂದೇ ಆದ ಉಳಿದವರ ಮಾತನ್ನು ಇಲ್ಲಿ ಹೇಳಬೇಕು. ಲೋಕೋಪಕಾರದ ಚಾವುಂಡರಾಯ ಅದನ್ನು ಬರೆದದ್ದು 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ. ಪುರಾಣಕ್ಕೂ ಇದಕ್ಕೂ 47 ವರ್ಷ ಅಂತರ. ಸಾಹಿತ್ಯ ಚರಿತ್ರೆಕಾರರು ಇವನನ್ನು ಶೈವನೆಂದು ಗುರುತಿಸಿದ್ದಾರೆ. ಗಂಗರ ಚಾವುಂಡರಾಯನ ಪುರಾಣ ಗದ್ಯದಲ್ಲಿದ್ದರೆ ಇವನ ಗ್ರಂಥ ಪದ್ಯಪ್ರಧಾನ. 12 ಅಧ್ಯಾಯಗಳಲ್ಲಿ ಜ್ಯೋತಿಷ, ಶಕುನ, ಮನೆ ಕಟ್ಟುವ ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಔಷಧ, ವಿಷಚಿಕಿತ್ಸೆ ಹೀಗೆ ಒಬ್ಬ ಸಂಸಾರಸ್ಥನಿಗೆ ಬೇಕಾದುದೆಲ್ಲ ಇದೆ. ಕನ್ನಡದ ಮೊದಲ ವಿಶ್ವಕೋಶವೆಂದು ಇದನ್ನು ಕರೆಯುವುದರಲ್ಲಿ ತಪ್ಪಿಲ್ಲ. 2006ರಲ್ಲಿ ಇಂಗ್ಲಿಷಿಗೆ ಅನುವಾದವಾದ ಮೇಲೆ ಕೃಷಿ ವಿಜ್ಞಾನಿಗಳೂ ಇದರತ್ತ ನೋಡುತ್ತಿದ್ದಾರೆ, ಹೆಸರಿನ ಗೊಂದಲ ಹೆಚ್ಚಲು ಅದೂ ಒಂದು ಕಾರಣ. ಸಂಸಾರವನ್ನು ಸುಖವಾಗಿ ನಡೆಸುವ ಪುಸ್ತಕ ಒಬ್ಬನದು, ಸಂಸಾರವನ್ನು ದಾಟಿದವರ ಚರಿತ್ರೆ ಇನ್ನೊಬ್ಬನದು.

ಬನವಾಸಿ 12000 ನಾಡನ್ನು ಆಳಿದ ಮಹಾಮಂಡಲೇಶ್ವರ ಚಾವುಂಡರಾಯರಸ ಚಾಲುಕ್ಯ ಮೊದಲನೆಯ ಸೋಮೇಶ್ವರನ ಕೈಕೆಳಗಿನವನು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ಇವನು ನಿಲ್ಲಿಸಿದ ಎತ್ತರದ ಕಂಬದ ಮೇಲೆ ಮನುಷ್ಯದೇಹದ, ಎರಡು ತಲೆಯ ಭೇರುಂಡ ಕೂತಿದೆ. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಗಂಡಭೇರುಂಡದ ಕಥೆ ಹೇಳುವವರು ಈ ಕಂಬವನ್ನು ನೆನೆಯದೆ ಇರುವುದಿಲ್ಲ. ಶಿವಾಲಯದ ಎದುರು ಕಂಬ ನಿಲ್ಲಿಸಿದ ಇವನೇ ಮರುವರ್ಷ ಬಳ್ಳಿಗಾವೆಯ ಬಸದಿಗೂ ದತ್ತಿ ಬಿಟ್ಟಿದ್ದಾನೆ. ಜೈನ ಬಸದಿಗೆ ದತ್ತಿ ಕೊಟ್ಟ ಚಾವುಂಡರಾಯ ಎಂದಷ್ಟೇ ಓದಿದವರು ಇವನನ್ನು ಬೆಳಗೊಳದವನೆಂದು ತಿಳಿದರೆ ಆಶ್ಚರ್ಯವಿಲ್ಲ. ವರ್ಷವನ್ನು ನೋಡಬೇಕು, ಅಷ್ಟೆ. ಗುಜರಾತಿನ ಅಣಹಿಲಪಾಟಕದಲ್ಲಿ ಮೂಲರಾಜನ ಮಗ ಚಾಮುಂಡರಾಜ 996ರಿಂದ ಹತ್ತು ಹನ್ನೆರಡು ವರ್ಷ ಆಳಿದ. ಅವನು ಯುವರಾಜನಾಗಿದ್ದಾಗಲೇ, 976ರಲ್ಲಿ, ಜಿನಾಲಯಕ್ಕೆ ಭೂಮಿ ಬಿಟ್ಟ ತಾಮ್ರಪಟವಿದೆ. ಇಲ್ಲಿ ಚಾವುಂಡರಾಯ ಪುರಾಣ ಮುಗಿಯಲು ಆಗ ಇನ್ನೆರಡು ವರ್ಷ ಇತ್ತು. ಅವನ ವಂಶಕ್ಕೂ ಚಾಲುಕ್ಯ ಎಂಬ ಹೆಸರೇ ಇರುವುದು ಓದುಗರಿಗೆ ಇನ್ನೊಂದು ತೊಡಕು.

ಗಂಗರ ಚಾವುಂಡರಾಯನ ಕೊನೆಯ ವರ್ಷಗಳ ಮೇಲೆ ಶಾಸನಗಳು ಬೆಳಕು ಚೆಲ್ಲುವುದಿಲ್ಲ. ಮಗ ಜಿನದೇವಣ 995ರ ಸುಮಾರಿಗೆ ಬೆಳಗೊಳದಲ್ಲಿ ಜಿನಾಲಯ ಮಾಡಿಸಿದ ಬರಹ ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯ ಮೇಲಂತಸ್ತಿನ ಪಾರ್ಶ್ವನಾಥ ಬಿಂಬದ ಪೀಠದಲ್ಲಿದೆ. ಕೆಳಗಿನ ಗರ್ಭಗುಡಿಯ ನೇಮಿನಾಥ ಬಿಂಬ ಮಾತ್ರ ಹೊಯ್ಸಳರ ಕಾಲದ್ದು, ಹಿಂದೆ ಹೇಳಿದ ದಂಡನಾಯಕ ಗಂಗರಾಜನ ಮಗ ಏಚಣ ಮಾಡಿಸಿದ್ದು. 1004ರಲ್ಲಿ ಚೋಳರು ತಲಕಾಡನ್ನು ಹಿಡಿದರು, ಚಾವುಂಡರಾಯ ಕಾಪಾಡಿದ ಗಂಗ ಸಿಂಹಾಸನ ಉಳಿಯಲಿಲ್ಲ.

ಅವನ ಬಾಳನ್ನು ವಿಸ್ತಾರವಾಗಿ ಹೇಳುವ ಒಂದು ಶಾಸನವಿತ್ತು. ದೊಡ್ಡಬೆಟ್ಟ ಹತ್ತುವ ದಾರಿಯಲ್ಲಿ ಬಳ್ಳಿಯ ಕೆತ್ತನೆಯ ತ್ಯಾಗದ ಬ್ರಹ್ಮದೇವ ಕಂಬವಿದೆ. ಚಾವುಂಡರಾಯ ದಾನ ಕೊಡುತ್ತಿದ್ದದ್ದು ಇಲ್ಲೇ ಎಂದು ಹೇಳುತ್ತಾರೆ. ಕಂಬದ ತಳ ನೆಲಕ್ಕೆ ಪೂರ್ತಿ ತಾಗಿಲ್ಲ, ಒಂದು ವಸ್ತ್ರವನ್ನು ಅಡಿಯಿಂದ ತೂರಿಸಬಹುದು ಎಂದೂ ಹೇಳುತ್ತಾರೆ. ಅದರ ಪೀಠದ ನಾಲ್ಕೂ ಬದಿಯಲ್ಲಿ ಅವನ ಚರಿತ್ರೆ ಕೊರೆದಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬುವನು ಕಂಬಕ್ಕೆ ಒಂದು ಯಕ್ಷನನ್ನು ಮಾಡಿಸಿದ. ಆ ಸುದ್ದಿಯನ್ನು ಎರಡೂವರೆ ಸಾಲಿನಲ್ಲಿ ಬರೆಸಲು ಹಳೆಯ ಬರಹದ ಮೂರು ಬದಿಗಳನ್ನು ಅಳಿಸಿಹಾಕಿದ. ಜೈನ ಕ್ಷೇತ್ರದಲ್ಲಿ, ಭಕ್ತಿಯಿಂದಲೇ ಆದ ಕೆಲಸ ಅದು. ಮೂರ್ತಿ ಪ್ರತಿಷ್ಠೆಯ ನಿಖರ ದಿನ, ಶಿಲ್ಪಿಯ ಹೆಸರು, ತಾಯಿಯ ಹೆಸರು ಅಲ್ಲಿ ಇದ್ದಿರಬಹುದು. ಈಗ ಉಳಿದಿರುವ ಉತ್ತರದ ಬದಿಯಲ್ಲಿ ಅವನ ಬ್ರಹ್ಮಕ್ಷತ್ರ ಕುಲದ ಮತ್ತು ಯುದ್ಧಗಳ ಮಾತು ಮಾತ್ರ ಇದೆ. ಇನ್ನೊಂದು ಬದಿಯಲ್ಲಿ ಇಬ್ಬರು ಕುಳಿತ ಉಬ್ಬುಶಿಲ್ಪವಿದೆ. ಅವರಲ್ಲಿ ಒಬ್ಬರು ನೇಮಿಚಂದ್ರಾಚಾರ್ಯರು, ಇನ್ನೊಬ್ಬ ಚಾವುಂಡರಾಯ ಎಂದು ಬೆಟ್ಟ ಹತ್ತುವವರಿಗೆ ಅಲ್ಲಿಯವರು ತೋರಿಸುತ್ತಾರೆ.